ಹಿಮನದಿ ಅಧ್ಯಯನಕ್ಕೆ ಹೊರಡುವ ಮುನ್ನ

ತಂಡಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಯಾವ ಜಾಕೆಟ್, ಯಾವ ಬೂಟು ಅಂತ. ನಾನು ತಿರುಗಿ ಕೇಳುವುದು ಒಂದೇ: ಅಲ್ಲಿ ಹೋಗಿ ಏನು ಅಳೆಯುತ್ತೀರಿ? ಅದನ್ನು ಒಂದೇ ಸಾಲಿನಲ್ಲಿ ಬರೆದಿಡಿ. ಹೊರುವ ಸಾಮಾನು, ಹೋಗುವ ತಿಂಗಳು, ಬೇಕಾಗುವ ಜನ ಎಲ್ಲ ಆ ಸಾಲಿನಿಂದಲೇ ಗೊತ್ತಾಗುತ್ತದೆ.

ವರ್ಷಕ್ಕೆ ಎಷ್ಟು ಮಂಜುಗಡ್ಡೆ ಕರಗಿತು ಅನ್ನುವುದು ನಿಮ್ಮ ಪ್ರಶ್ನೆಯಾದರೆ ಕೋಲುಗಳು ಬೇಕು. ಬಿದಿರಿನದ್ದೋ ಅಲ್ಯೂಮಿನಿಯಂನದ್ದೋ ತುಂಡುಗಳನ್ನು ಜೋಡಿಸಿ, ಹಬೆಯಿಂದ ಕೊರೆಯುವ ಡ್ರಿಲ್‌ನಲ್ಲಿ ತೂತು ಮಾಡಿ ಇಳಿಸುತ್ತೇವೆ. ಮುಂದಿನ ವರ್ಷ ಬಂದಾಗ ಕೋಲು 150 ಸೆಂ.ಮೀ. ಜಾಸ್ತಿ ಹೊರಗೆ ಕಂಡರೆ ಅಷ್ಟು ಕರಗಿದೆ. ಮಂಜುಗಡ್ಡೆಯ ಸಾಂದ್ರತೆ ನೀರಿನ ಸುಮಾರು 0.9 ಪಟ್ಟು, ಹಾಗಾಗಿ ನೀರಿನ ಲೆಕ್ಕದಲ್ಲಿ 135 ಸೆಂ.ಮೀ. ವರ್ಷಕ್ಕೆ ಕರಗುವುದಕ್ಕಿಂತ ಆಳಕ್ಕೆ ಕೋಲು ಹೋಗಲೇಬೇಕು. ಸುತ್ತಲಿನ ಮಂಜುಗಡ್ಡೆ ಪೂರ್ತಿ ಕರಗಿ ಕೋಲು ಬಿದ್ದುಹೋದರೆ ಆ ವರ್ಷದ ಲೆಕ್ಕವೇ ಸಿಗುವುದಿಲ್ಲ. ಪ್ರತಿ ತುಂಡಿಗೂ ಹೊರಡುವ ಮೊದಲೇ ಕೆಳಗಿನಿಂದ ಮೇಲಕ್ಕೆ ನಂಬರ್ ಹಾಕಿಬಿಡಿ. ಮೇಲಿನ ಎರಡು ತುಂಡು ಕಳಚಿ ಬಿದ್ದಿದ್ದರೂ, ಉಳಿದದ್ದರ ನಂಬರ್ ನೋಡಿ ಲೆಕ್ಕ ಹಿಡಿಯಬಹುದು. ಹೋಗುವುದು ಕರಗುವ ಕಾಲ ಮುಗಿದು ಹೊಸ ಹಿಮ ಬೀಳುವ ಮೊದಲು, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಪ್ರಶ್ನೆ ಸ್ಪಷ್ಟವಿದ್ದರೆ ಏನನ್ನು ಹೊತ್ತು ತರಬೇಕು ಅನ್ನುವುದೂ ಸ್ಪಷ್ಟ. 1983ರಲ್ಲಿ ಹಿಮನದಿ ವಿಜ್ಞಾನಿ ಲಾನಿ ಥಾಂಪ್ಸನ್ ಅವರ ತಂಡ ಪೆರುವಿನ ಕೆಲ್ಕಾಯಾ ಎಂಬ ಮಂಜುಗಡ್ಡೆಯ ಹಾಸಿನಲ್ಲಿ, 5,600 ಮೀಟರ್‌ಗೂ ಮೇಲೆ, ಸೌರಶಕ್ತಿಯ ಡ್ರಿಲ್ ಬಳಸಿ ತಳದವರೆಗೆ ಕೊರೆಯಿತು. ಕೊರೆದು ತೆಗೆದ ಮಂಜುಗಡ್ಡೆಯನ್ನು ಗಡ್ಡೆಯಾಗಿಯೇ ಕೆಳಗಿಳಿಸುವ ದಾರಿ ಇರಲಿಲ್ಲ. ತುಂಡು ಮಾಡಿ, ಕರಗಿಸಿ, ಬಾಟಲಿಗೆ ತುಂಬಿದರು. ಹಳೆಯ ಕಾಲದ ಹವಾಮಾನದ ಸುಳಿವು ಕೊಡುವ ಆಮ್ಲಜನಕದ ಐಸೋಟೋಪ್ (ಬೇರೆ ಬೇರೆ ತೂಕದ ಪರಮಾಣು) ನೋಡಲು ಆ ನೀರೇ ಸಾಕು, ಅಲ್ವಾ? ನನಗೆ ಈ ಕೆಲಸದ ಮೇಲೆ ಅಪಾರ ಗೌರವ.

ಸಾಮಾನು ಕಟ್ಟುವ ಮೊದಲು ಗ್ಲೌಸ್ ಹಾಕಿಕೊಂಡು ಪ್ರತಿಯೊಂದು ಕೆಲಸವನ್ನೂ ಮಾಡಿ ನೋಡಿ. ಬ್ಯಾಟರಿ ಬದಲಿಸಿ, ಸ್ಕ್ರೂ ಬಿಗಿ ಮಾಡಿ, ಪುಸ್ತಕದಲ್ಲಿ ಬರೆಯಿರಿ. ಗ್ಲೌಸ್‌ನಲ್ಲಿ ಆಗದ ಕೆಲಸ ಮೇಲೆ ಗಾಳಿಯಲ್ಲಿ ಖಂಡಿತ ಆಗುವುದಿಲ್ಲ. ಸಣ್ಣ ಉಪಕರಣಗಳಿಗೆಲ್ಲ ದಾರ ಕಟ್ಟಿ. ಪೆನ್ನು ಬೇಡ, ಚಳಿಗೆ ಶಾಯಿ ಕೈಕೊಡುತ್ತದೆ, ಪೆನ್ಸಿಲ್ ಇರಲಿ. ಚಳಿಗೆ ಬ್ಯಾಟರಿಯೂ ಬೇಗ ಸೋಲುತ್ತದೆ, ಹಗಲು ಜಾಕೆಟ್ ಒಳಗೆ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಡಿ.

ದಿನಗಳ ಪಟ್ಟಿ ಹಾಕುವಾಗ ಯಾರು ಎಷ್ಟೇ ಅವಸರ ಮಾಡಿದರೂ ಬಗ್ಗಬೇಡಿ. 5,000 ಮೀಟರ್‌ನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗುವುದನ್ನು ನಿಲ್ಲಿಸಿ. ನಡೆಯುವಾಗ ತೂರಾಡಿದರೆ, ಸುಮ್ನೆ ಕೂತಿದ್ದರೂ ಏದುಸಿರು ಬಂದರೆ, ತಕ್ಷಣ ಕೆಳಗಿಳಿಸಿ. ಬೆಳಗಾಗಲಿ ಅಂತ ಕಾಯಬೇಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಕೇಳಿಕೊಳ್ಳಿ.

ಹಿಮ ಮುಚ್ಚಿದ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹಗ್ಗ ಕಟ್ಟಿಕೊಂಡು ನಡೆಯುವುದು, ಬಿದ್ದವರನ್ನು ಮೇಲೆತ್ತುವುದು ವಿಜ್ಞಾನಿಗೂ ಬರಬೇಕು. ಮಾರ್ಗದರ್ಶಿ ಇದ್ದಾರಲ್ಲ ಅನ್ನಬೇಡಿ, ಬೀಳುವುದು ಅವರೇ ಇರಬಹುದು.

ಕೆಳಗೆ ಉಳಿಯುವ ಒಬ್ಬರ ಕೈಗೆ ನಿಮ್ಮ ದಾರಿಯ ನಕ್ಷೆ ಕೊಡಿ. ಯಾವ ದಿನದೊಳಗೆ ಸುದ್ದಿ ಬರದಿದ್ದರೆ ಸಹಾಯಕ್ಕೆ ಕರೆಯಬೇಕು ಅಂತಲೂ ಬರೆದುಕೊಡಿ. ಅಳತೆ ಬರೆದ ಪುಟಗಳ ಫೋಟೋವನ್ನು ಪ್ರತಿ ಸಂಜೆ ತೆಗೆಯಿರಿ. ಪುಸ್ತಕ ಒಬ್ಬರ ಚೀಲದಲ್ಲಿ, ಫೋಟೋ ಇನ್ನೊಬ್ಬರ ಹತ್ತಿರ ಇರಲಿ.