‘ಹೈಪರ್‌ಸಾನಿಕ್’ ಎಂದು ಬರೆಯುವ ಮುಂಚೆ ಭಾಗಿಸಿ ನೋಡಿ

ನಾನು ರಾಯಚೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಕ್ಷಿಪಣಿಯ ಸುದ್ದಿ ಬಂದಾಗಲೆಲ್ಲ ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: ‘ಸರ, ಬ್ರಹ್ಮೋಸ್ ಹೈಪರ್‌ಸಾನಿಕ್ ಅಲ್ಲೇನ್ರಿ?’ ಅಲ್ಲ. ಅದರ ವೇಗ ಸುಮಾರು ಮ್ಯಾಕ್ 2.8, ಅಂದರೆ ಸೂಪರ್‌ಸಾನಿಕ್.

ಹಾರುವ ವಸ್ತುವಿನ ವೇಗವನ್ನು ಅಲ್ಲಿನ ಗಾಳಿಯಲ್ಲಿ ಶಬ್ದಕ್ಕಿರುವ ವೇಗದಿಂದ ಭಾಗಿಸಿ. ಬಂದದ್ದೇ ಮ್ಯಾಕ್ ಸಂಖ್ಯೆ. 1ರೊಳಗಿದ್ದರೆ ಸಬ್‌ಸಾನಿಕ್, 1 ದಾಟಿದರೆ ಸೂಪರ್‌ಸಾನಿಕ್, 5 ದಾಟಿದರೆ ಹೈಪರ್‌ಸಾನಿಕ್. ಎಟಿಆರ್ ಎಂಬ ಸಣ್ಣ ಪ್ರಯಾಣಿಕ ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ, ಅದು ಸುಮಾರು ಅರ್ಧ ಮ್ಯಾಕ್ ಮಾತ್ರ.

‘ಅಲ್ಲಿನ ಗಾಳಿಯಲ್ಲಿ’ ಎಂಬುದನ್ನು ಮರೆಯಬೇಡಿ. ಬಹಳಷ್ಟು ಮಕ್ಕಳು ಮಾರ್ಕ್ಸ್ ಕಳೆದುಕೊಳ್ಳುವುದೇ ಇಲ್ಲಿ. ಗಾಳಿ ಕಾದಷ್ಟೂ ಶಬ್ದದ ವೇಗ ಹೆಚ್ಚು. ಸೆಕೆಂಡಿಗೆ ಎಷ್ಟು ಮೀಟರ್ ಎಂದು ತಿಳಿಯಲು, ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಉಷ್ಣಾಂಶವನ್ನು 0.6ರಿಂದ ಗುಣಿಸಿ 331ಕ್ಕೆ ಕೂಡಿಸಿ. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 42 ಡಿಗ್ರಿ ಇದ್ದಾಗ ಸುಮಾರು 356 ಮೀಟರ್ ಬರುತ್ತದೆ. ಅದನ್ನು 3.6ರಿಂದ ಗುಣಿಸಿದರೆ ಗಂಟೆಗೆ ಸುಮಾರು 1,280 ಕಿ.ಮೀ. 11 ಕಿ.ಮೀ. ಎತ್ತರದಲ್ಲಿ ಚಳಿ ಸೊನ್ನೆಗಿಂತ 56 ಡಿಗ್ರಿ ಕೆಳಗೆ. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ.

ಈಗ ಗಂಟೆಗೆ 5,500 ಕಿ.ಮೀ. ವೇಗದ ಕ್ಷಿಪಣಿ ಇದೆ ಎಂದುಕೊಳ್ಳಿ. ನಮ್ಮೂರ ನೆಲದ ಲೆಕ್ಕದಲ್ಲಿ ಭಾಗಿಸಿದರೆ 4.3. 11 ಕಿ.ಮೀ. ಎತ್ತರದ ಲೆಕ್ಕದಲ್ಲಿ 5.2. ವೇಗ ಒಂದೇ, ಆದರೆ ಮೇಲೆ ಮಾತ್ರ ಅದು ಹೈಪರ್‌ಸಾನಿಕ್. ಹಾಗಾಗಿ ಕಿಲೋಮೀಟರ್ ಲೆಕ್ಕವೊಂದನ್ನೇ ನೋಡಿ ಹೆಸರು ಕೊಡಬೇಡಿ, ಎತ್ತರವನ್ನೂ ಕೇಳಿ.

5ರ ಗೆರೆ ದಾಟಿದ ಕೂಡಲೇ ಏನೋ ಸಿಡಿಯುತ್ತದೆ ಎಂದೇನಿಲ್ಲ. ಅದು ವಿಜ್ಞಾನಿಗಳು ಒಪ್ಪಿಕೊಂಡ ಗೆರೆ. ಆ ಆಸುಪಾಸಿನಿಂದ ಕಾವೇ ದೊಡ್ಡ ಸಮಸ್ಯೆ. 11 ಕಿ.ಮೀ. ಎತ್ತರದಲ್ಲಿ ಮ್ಯಾಕ್ 5ರಲ್ಲಿ ಹೋಗುವ ವಾಹನದ ಮೂತಿಗೆ ಬಡಿದು ನಿಂತ ಗಾಳಿ ಸುಮಾರು 1,000 ಡಿಗ್ರಿಗೆ ಕಾಯುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ! ಹೊರಗಿನ ಗಾಳಿ ಎಳೆದುಕೊಂಡು ಇಂಧನ ಉರಿಸುವ ಎಂಜಿನ್ನಿನದೂ ಅಷ್ಟೇ ಕಷ್ಟ. ಒಳಗೆ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿಯಲ್ಲೇ ಇಂಧನ ಉರಿಯಬೇಕು, ಅದೇ ಸ್ಕ್ರ್ಯಾಮ್‌ಜೆಟ್. 2020ರ ಸೆಪ್ಟೆಂಬರ್ 7ರಂದು ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಒಡಿಶಾ ಕರಾವಳಿಯಲ್ಲಿ ಅಂಥ ಎಂಜಿನ್ನನ್ನು ಮ್ಯಾಕ್ 6ರಲ್ಲಿ 20 ಸೆಕೆಂಡಿಗೂ ಹೆಚ್ಚು ಹೊತ್ತು ಉರಿಸಿತು. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ಹೆಮ್ಮೆಯಾಗುತ್ತದೆ.

ಉಪಗ್ರಹಕ್ಕೆ ಈ ಪದ ಬಳಸಬೇಡಿ. ಅಲ್ಲಿ ಶಬ್ದ ಸಾಗುವಷ್ಟು ಗಾಳಿಯೇ ಇಲ್ಲದಿರುವಾಗ ಯಾವುದರಿಂದ ಭಾಗಿಸುತ್ತೀರಿ? ಅಗ್ನಿಯಂಥ ಬ್ಯಾಲಿಸ್ಟಿಕ್ ಕ್ಷಿಪಣಿಗಳ ಸಿಡಿತಲೆಯೂ ವಾತಾವರಣಕ್ಕೆ ಮರಳುವಾಗ ಮ್ಯಾಕ್ 5 ದಾಟುತ್ತದೆ. ಆದರೆ ಸುದ್ದಿಯಲ್ಲಿ ‘ಹೈಪರ್‌ಸಾನಿಕ್ ಕ್ಷಿಪಣಿ’ ಎಂದರೆ ಸಾಮಾನ್ಯವಾಗಿ ವಾತಾವರಣದೊಳಗೇ ಆ ವೇಗದಲ್ಲಿ ಸಾಗುತ್ತ ದಿಕ್ಕು ಬದಲಿಸಬಲ್ಲದ್ದು. ಪರೀಕ್ಷೆಯ ಉತ್ತರದಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ.