ಯುರೇನಿಯಂ ಒಲೆ ಉರಿಯುವುದು ಹೇಗೆ?

ರಾಯಚೂರಿನಿಂದ ಹೈದರಾಬಾದ್ ಕಡೆ ಹೊರಟ ಬಸ್ಸಿನಲ್ಲಿ ಶಕ್ತಿನಗರದ ಚಿಮಣಿಗಳು ಕಂಡ ಕೂಡಲೇ ಅಣ್ಣನ ಮಗಳು ಕೇಳಿದಳು: "ಕೈಗಾದಲ್ಲೂ ಕರೆಂಟ್ ತಯಾರಾಗುತ್ತೆ ಅಲ್ವಾ? ಅಲ್ಲಿ ಕಲ್ಲಿದ್ದಲು ಇಲ್ಲದೆ ಏನು ಉರೀತದ?" ಅವಳಿಗೆ ಹೇಳಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಮಕ್ಕಳಿಗೂ ಹೀಗೆ ಹೇಳಿ ನೋಡಿ.

ಮೊದಲು, ಗೊತ್ತಿರುವುದರಿಂದ ಶುರು ಮಾಡಿ

ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ನೀರು ಕಾಯುತ್ತದೆ. ಹಬೆ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಜನರೇಟರ್ ತಿರುಗಿಸುತ್ತದೆ. ಕುಡತಿನಿಯ ಬಳ್ಳಾರಿ ಸ್ಥಾವರದಲ್ಲೂ ಇದೇ ಕತೆ. ಕೈಗಾದಲ್ಲೂ ಹಬೆ, ಟರ್ಬೈನ್, ಜನರೇಟರ್ ಎಲ್ಲ ಇವೆ. ಬೇರೆ ಇರುವುದು ಒಲೆ ಮಾತ್ರ.

ಎರಡನೆಯದು, ಪರಮಾಣು ಒಡೆಯುವುದು

ಕಲ್ಲಿದ್ದಲು ಉರಿಯುವಾಗ ಪರಮಾಣುಗಳು ಜೊತೆ ಬದಲಿಸುತ್ತವೆ, ಅಷ್ಟೇ. ಅವುಗಳ ನಡುವಿನ ಬೀಜಕ್ಕೆ ಏನೂ ಆಗುವುದಿಲ್ಲ. ಯುರೇನಿಯಂ ಒಲೆಯಲ್ಲಿ ಆ ಬೀಜವೇ ಒಡೆಯುತ್ತದೆ. ಯುರೇನಿಯಂ-235 ಎಂಬ ಬಗೆಯ ಯುರೇನಿಯಂನ ಬೀಜದೊಳಗೆ ನ್ಯೂಟ್ರಾನ್ ಎಂಬ ಸಣ್ಣ ಕಣ ಹೊಕ್ಕರೆ, ಕಾದ ಹಂಚಿನ ಮೇಲಿನ ನೀರಿನ ಹನಿಯಂತೆ ಬೀಜ ಅಲುಗಾಡುತ್ತದೆ. ನಡು ಸಣ್ಣದಾಗಿ ಎರಡು ಹೋಳಾಗುತ್ತದೆ.

1938ರ ಕೊನೆಗೆ ಬರ್ಲಿನ್‌ನಲ್ಲಿ ಒಟ್ಟೊ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಎಂಬ ವಿಜ್ಞಾನಿಗಳು ನ್ಯೂಟ್ರಾನ್ ಬಡಿಸಿದ ಯುರೇನಿಯಂನಲ್ಲಿ ಅದಕ್ಕಿಂತ ಬಹಳ ಹಗುರವಾದ ಬೇರಿಯಂ ಕಂಡು ಬೆರಗಾದರು. ಇದು ಒಡೆಯುವಿಕೆ ಎಂದು ವಿವರಿಸಿದವರು ಲಿಸೆ ಮೈಟ್ನರ್ ಮತ್ತು ಅವರ ಅಕ್ಕನ ಮಗ ಒಟ್ಟೊ ಫ್ರಿಶ್. ಹನಿಯ ಹೋಲಿಕೆಯನ್ನೂ ಅವರೇ ಬಳಸಿದರು. ಯಹೂದಿ ಮನೆತನದ ಮೈಟ್ನರ್ ಆಗಷ್ಟೇ ಜರ್ಮನಿ ಬಿಟ್ಟು ಸ್ವೀಡನ್ ಸೇರಿದ್ದರು. ನೊಬೆಲ್ ಮಾತ್ರ ಹಾನ್ ಒಬ್ಬರಿಗೇ ಬಂತು. ನನಗೆ ಇದು ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಹೋಳುಗಳನ್ನೆಲ್ಲ ಕೂಡಿಸಿ ತೂಗಿದರೆ ಮೊದಲಿಗಿಂತ ಚೂರು ಕಡಿಮೆ. ಆ ಕಡಿಮೆಯಾದದ್ದೇ ಶಕ್ತಿ. ಹೋಳುಗಳು ರಭಸದಿಂದ ಸಿಡಿದು ಅಕ್ಕಪಕ್ಕದ ಪರಮಾಣುಗಳಿಗೆ ಬಡಿಯುತ್ತವೆ, ಇಂಧನ ಬಿಸಿಯಾಗುತ್ತದೆ. ಶಕ್ತಿನಗರದ 210 ಮೆಗಾವಾಟ್‌ನ ಒಂದು ಘಟಕ ದಿನವಿಡೀ ಪೂರ್ತಿ ಓಡಿದರೆ ಸುಮಾರು ಒಂದು ಗೂಡ್ಸ್ ರೈಲಿನಷ್ಟು ಕಲ್ಲಿದ್ದಲು ಬೇಕು. ಕೈಗಾದ 220 ಮೆಗಾವಾಟ್ ಘಟಕಕ್ಕೆ ದಿನಕ್ಕೆ ನೂರು ಕೆ.ಜಿ. ಆಸುಪಾಸು ಯುರೇನಿಯಂ ಸಾಕು. ಒಂದು ಕ್ವಿಂಟಲ್ ಜೋಳದ ಚೀಲದ ತೂಕ!

ಮೂರನೆಯದು, ನ್ಯೂಟ್ರಾನಿನ ಓಟ ತಗ್ಗಿಸುವುದು

ಒಂದು ಬೀಜ ಒಡೆದಾಗ ಎರಡೋ ಮೂರೋ ಹೊಸ ನ್ಯೂಟ್ರಾನ್ ಹೊರಬರುತ್ತವೆ. ಅವು ಬೇರೆ ಬೀಜಗಳನ್ನು ಒಡೆದರೆ ಸರಪಳಿ ನಡೆಯುತ್ತದೆ. ಆದರೆ ಅವುಗಳ ಓಟ ವಿಪರೀತ. ಗೋಲಿ ಆಟ ನೆನಪಿಸಿಕೊಳ್ಳಿ. ಜೋರಾಗಿ ಹೊಡೆದ ಗೋಲಿ ಗುಳಿ ದಾಟಿ ಹೋಗುತ್ತದೆ, ಮೆಲ್ಲಗೆ ಉರುಳಿದ್ದು ಒಳಗೆ ಬೀಳುತ್ತದೆ.

ಓಟ ತಗ್ಗಿಸುವುದು ಹೇಗೆ? ಗೋಲಿ ಗೋಡೆಗೆ ಬಡಿದರೆ ಹೆಚ್ಚುಕಡಿಮೆ ಅದೇ ರಭಸದಲ್ಲಿ ವಾಪಸ್ ಬರುತ್ತದೆ. ಇನ್ನೊಂದು ಗೋಲಿಗೆ ಬಡಿದರೆ ತನ್ನ ಓಟವನ್ನು ಅದಕ್ಕೆ ಕೊಟ್ಟುಬಿಡುತ್ತದೆ. ನ್ಯೂಟ್ರಾನಿಗೆ ತೂಕದಲ್ಲಿ ಸರಿಜೋಡಿ ನೀರಿನಲ್ಲಿರುವ ಹೈಡ್ರೋಜನ್. ತೊಂದರೆ ಏನೆಂದರೆ, ಸಾದಾ ನೀರು ಕೆಲವು ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಭಾರಜಲ, ಅಂದರೆ ಭಾರದ ಬಗೆಯ ಹೈಡ್ರೋಜನ್ ಇರುವ ನೀರು, ನುಂಗುವುದು ತೀರಾ ಕಡಿಮೆ. ಯುರೇನಿಯಂ-235 ಇರುವುದು ಅದಿರಿನ ಯುರೇನಿಯಂನಲ್ಲಿ ನೂರಕ್ಕೆ 0.7 ಭಾಗ ಮಾತ್ರ. ಅಷ್ಟರಲ್ಲೇ ಸರಪಳಿ ನಡೆಸಲು ಕೈಗಾದಲ್ಲಿ ಭಾರಜಲ ಬಳಸುತ್ತಾರೆ. ಓಡುತ್ತಿರುವಾಗಲೇ ಇಂಧನ ಬದಲಿಸಬಹುದು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿದ್ದರ ಹಿಂದೆ ಇದೂ ಇದೆ.

ನಾಲ್ಕನೆಯದು, ಹಿಡಿತ

ಒಂದು ಒಡೆತದಿಂದ ಸರಿಯಾಗಿ ಒಂದೇ ಒಡೆತ ಆಗಬೇಕು. ಜಾಸ್ತಿಯಾದರೆ ಬಿಸಿ ಏರುತ್ತದೆ, ಕಡಿಮೆಯಾದರೆ ಒಲೆ ಆರುತ್ತದೆ. ಕ್ಯಾಡ್ಮಿಯಂ, ಬೋರಾನ್‌ನಂಥ ನ್ಯೂಟ್ರಾನ್ ನುಂಗುವ ವಸ್ತುಗಳ ರಾಡ್‌ಗಳನ್ನು (ಸರಳುಗಳನ್ನು) ಒಳಗೆ ಇಳಿಸಿ, ಎತ್ತಿ ಇದನ್ನು ಸರಿದೂಗಿಸುತ್ತಾರೆ. ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲೇ ಇದೆ. ನೂರಕ್ಕೆ ಒಂದಕ್ಕಿಂತಲೂ ಕಡಿಮೆ ನ್ಯೂಟ್ರಾನ್‌ಗಳು ಕೆಲವು ಸೆಕೆಂಡು ತಡವಾಗಿ ಬರುತ್ತವೆ. ಆ ತಡ ಇಲ್ಲದಿದ್ದರೆ ರಾಡ್ ಇಳಿಸುವಷ್ಟು ಪುರುಸೊತ್ತೇ ಸಿಗುತ್ತಿರಲಿಲ್ಲ.

ಕೊನೆಯದು, ಆರಿಸುವುದು

ರಾಡ್ ಇಳಿಸಿದರೆ ಒಡೆತ ನಿಲ್ಲುತ್ತದೆ, ಬಿಸಿ ನಿಲ್ಲುವುದಿಲ್ಲ. ಒಡೆದ ಹೋಳುಗಳು ವಿಕಿರಣ ಹೊರಸೂಸುತ್ತಾ ಬಿಸಿ ಕೊಡುತ್ತಲೇ ಇರುತ್ತವೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಆರಿಸಿದ ಕ್ಷಣದಲ್ಲೂ ಪೂರ್ತಿ ಶಾಖದ ನೂರಕ್ಕೆ ಆರೇಳು ಭಾಗ ಉಳಿದಿರುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಭೂಕಂಪ ಆದಾಗ ಓಡುತ್ತಿದ್ದ ರಿಯಾಕ್ಟರ್‌ಗಳು, ಅಂದರೆ ಯುರೇನಿಯಂ ಒಲೆಗಳು, ತಾವಾಗಿಯೇ ನಿಂತಿದ್ದವು. ಆಮೇಲೆ ಸುನಾಮಿಗೆ ಡೀಸೆಲ್ ಜನರೇಟರ್‌ಗಳು ಮುಳುಗಿದವು. ತಂಪು ಮಾಡುವ ನೀರು ನಿಂತಿತು, ಇಂಧನ ಕರಗಿತು.

ಬಳಸಿದ ಇಂಧನಕ್ಕೂ ಇದೇ ಮಾತು. ಶಕ್ತಿನಗರದ ಬೂದಿಯನ್ನು ಹೊಂಡಕ್ಕೆ ಬಿಟ್ಟ ಹಾಗೆ ಇದನ್ನು ಬಿಡಲು ಬರುವುದಿಲ್ಲ. ಯಂತ್ರಗಳೇ ಇದನ್ನು ಹೊರಗೆಳೆದು ಆಳದ ನೀರಿನ ಕೊಳದಲ್ಲಿ ಇಳಿಸುತ್ತವೆ. ಅಲ್ಲಿ ವರ್ಷಗಟ್ಟಲೆ ತಣಿದ ಮೇಲಷ್ಟೇ ಬೇರೆಡೆ ಸಾಗಿಸುತ್ತಾರೆ.