ಗಿಡ್ಡ ಕೂದಲಿನ ನಾಯಿ, ಮನೆಯಲ್ಲೇ ಆರೈಕೆ: ನನ್ನ ಅನುಭವ

ಗಿಡ್ಡ ಕೂದಲಿನ ನಾಯಿಗೆ ಆರೈಕೆ ಏನು ಬೇಕು, ಆಗಾಗ ಎರಡು ಕೊಡ ನೀರು ಹೊಯ್ದರೆ ಆಯ್ತು ಅಂತ ನಮ್ಮ ಶಿರಸಿ ಕಡೆ ಹೇಳುವವರು ಬಹಳ. ನಾನು ಕಂಡುಕೊಂಡಿದ್ದು ಇದಕ್ಕೆ ಉಲ್ಟಾ. ಇಂಥ ನಾಯಿಗೆ ಸ್ನಾನ ಕಡಿಮೆ ಸಾಕು, ಮೈಮೇಲೆ ನಮ್ಮ ಕೈ ಜಾಸ್ತಿ ಆಡಬೇಕು. ನೋಡಿಕೊಳ್ಳಬೇಕಾದ್ದು ಕೂದಲನ್ನಲ್ಲ, ಚರ್ಮವನ್ನು.

ನಮ್ಮ ಕೆಂಚ ನಾಟಿ ನಾಯಿ. ಕಂದು ಮೈ, ನೆಟ್ಟಗಿನ ಕಿವಿ, ಕಪ್ಪು ಉಗುರು. ಮನೆಯ ಕೆಳಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಅವನು ಎರಡೂ ಕಡೆ ಸುತ್ತಿ ಬರುತ್ತಾನೆ, ಬರುವಾಗ ಉಣುಗು ತರುತ್ತಾನೆ. ಹಾಗಾಗಿ ನನ್ನ ಆರೈಕೆ ಶುರುವಾಗುವುದೇ ಉಣುಗು ಹುಡುಕುವುದರಿಂದ.

ಸಂಜೆ ಅವನನ್ನು ಜಗುಲಿಯ ಕೆಳಗೆ ನಿಲ್ಲಿಸಿಕೊಳ್ಳುತ್ತೇನೆ. ತೆಳ್ಳನೆಯ ಕೈಗವಸು ಹಾಕಿ, ಕೂದಲಿಗೆ ಎದುರಾಗಿ ಬೆರಳು ಆಡಿಸುತ್ತೇನೆ. ಬೆನ್ನಿನ ಮೇಲೆ ಸಿಗುವುದು ಅಪರೂಪ. ಕಿವಿಯ ಒಳಮಡಿಕೆ, ಕುತ್ತಿಗೆ ಪಟ್ಟಿಯ ಅಡಿ, ಕಂಕುಳು, ತೊಡೆಯ ಸಂದು, ಬಾಲದ ಬುಡ, ಬೆರಳುಗಳ ಸಂದು, ಇವೇ ಅವುಗಳ ಜಾಗ. ಸಿಕ್ಕಿದ್ದನ್ನು ಚಿಮ್ಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನಿಧಾನಕ್ಕೆ ನೇರವಾಗಿ ಎಳೆಯುತ್ತೇನೆ. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡವೇ ಬೇಡ. ಕೆಣಕಿದ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು. ಕಿತ್ತಿದ್ದನ್ನು ಉಗುರಿನಿಂದ ಕುಕ್ಕುವುದೂ ಬೇಡ, ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಗೋಡೆಯ ಬಿರುಕು ಸೇರಿದರೆ ಸಾವಿರಾರು ಮೊಟ್ಟೆ ಇಡುತ್ತದೆ.

ಇದರಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾರಣ ಇದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆಯೂ ಅದರಿಂದ ಜೀವ ಹೋಗಿದೆ. ಅದನ್ನು ಹರಡುವುದು ಕಾಡಿನ ಉಣುಗು, ಮಳೆ ಮುಗಿದ ಮೇಲೆ ಬೇಸಿಗೆವರೆಗೆ ಅದರ ಕಾಟ ಜಾಸ್ತಿ. ನಾಯಿಗಂತೂ ಬೇರೆ ಜ್ವರಗಳಿವೆ. ಎರ್ಲಿಕಿಯಾ, ಬಬೇಸಿಯಾ ಎರಡೂ ಉಣುಗಿನಿಂದಲೇ ಬರುತ್ತವೆ. ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳುಚಿದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ. ಪಶುವೈದ್ಯರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಔಷಧಿಯನ್ನೂ ವೈದ್ಯರನ್ನು ಕೇಳಿ, ನಾಯಿಯ ತೂಕ ನೋಡಿಯೇ ತರುತ್ತೇನೆ. ಕೊಟ್ಟಿಗೆಯ ದನಗಳಿಗೆ ತಂದಿಟ್ಟ ಉಣುಗಿನ ಔಷಧಿಯನ್ನು ನಾಯಿಗೂ ಬಳಿಯುವವರಿದ್ದಾರೆ. ದಯವಿಟ್ಟು ಬೇಡ. ಅದರ ಅಳತೆ ಬೇರೆ, ನಾಯಿ ಮೈ ನೆಕ್ಕಿಕೊಳ್ಳುವುದೂ ಜಾಸ್ತಿ. ಕುತ್ತಿಗೆಯ ಹಿಂದೆ ಬಿಡುವ ಹನಿ ಔಷಧಿಯಾದರೆ ಹಾಕುವ ಎರಡು ದಿನ ಮೊದಲು, ಹಾಕಿದ ಎರಡು ದಿನ ಆಮೇಲೆ ಸ್ನಾನ ಮಾಡಿಸುವುದಿಲ್ಲ. ಅದು ಚರ್ಮದ ಜಿಡ್ಡಿನ ಜೊತೆಗೇ ಮೈತುಂಬ ಹರಡಬೇಕು.

ಇನ್ನು ಬ್ರಷ್. ಗಿಡ್ಡ ಕೂದಲಿಗೆ ತಂತಿಯ ಬ್ರಷ್ ಚುಚ್ಚುತ್ತದೆ, ಮೊಂಡು ಹಲ್ಲಿನ ರಬ್ಬರ್ ಬ್ರಷ್ ಸಾಕು. ಮೈ ಒಣಗಿದ್ದಾಗ ಮೊದಲು ಸುತ್ತ ಸುತ್ತ ಉಜ್ಜಿದರೆ ಸತ್ತ ಕೂದಲು, ಹೊಟ್ಟು ಮೇಲೆ ಬರುತ್ತದೆ. ಆಮೇಲೆ ಕೂದಲು ಬೆಳೆದ ದಿಕ್ಕಿಗೆ ಎಳೆದು ತೆಗೆಯುತ್ತೇನೆ. ಕೊನೆಗೆ ಹಿಂಡಿದ ಹತ್ತಿ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮೈ ತಾನಾಗಿ ಹೊಳೆಯುತ್ತದೆ. ಎಷ್ಟೋ ಸಲ ಇಷ್ಟೇ ಸ್ನಾನದ ಕೆಲಸ ಮಾಡಿಬಿಡುತ್ತದೆ.

ಸ್ನಾನಕ್ಕೆ ನಾಯಿಯ ಶಾಂಪೂವೇ ಆಗಬೇಕು. ನಮ್ಮ ಚರ್ಮಕ್ಕೆ ಸ್ವಲ್ಪ ಹುಳಿ ಗುಣ, ನಾಯಿಯದ್ದಕ್ಕೆ ಅಷ್ಟಿಲ್ಲ, ಪದರವೂ ತೆಳು. ನಮ್ಮ ಸೋಪು ಹಾಕಿದರೆ ಒಣಗಿ ತುರಿಕೆ ಏಳುತ್ತದೆ. ಅಂಟುವಾಳ ಮನೆಯಲ್ಲಿ ಬೇಕಾದಷ್ಟಿದ್ದರೂ ಕಣ್ಣಿಗೆ ಹೋದರೆ ತುಂಬ ಉರಿ, ಅದಕ್ಕೇ ಬಳಸುವುದಿಲ್ಲ. ಉಗುರು ಬೆಚ್ಚಗಿನ ನೀರು, ಕುತ್ತಿಗೆಯಿಂದ ಹಿಂದಕ್ಕೆ. ತಲೆಗೆ ಒದ್ದೆ ಬಟ್ಟೆ ಅಷ್ಟೇ. ನೊರೆ ಪೂರ್ತಿ ಹೋಗುವವರೆಗೆ ತೊಳೆಯಬೇಕು, ಉಳಿದ ಶಾಂಪೂವೇ ಆಮೇಲೆ ತುರಿಸುವುದು. ಕಾರವಾರದಲ್ಲಿ ನಮ್ಮ ನೆಂಟರ ಲ್ಯಾಬ್ರಡಾರ್ ದಿನಾ ಸಮುದ್ರಕ್ಕೆ ಇಳಿಯುತ್ತದೆ. ಅವರು ಮನೆಗೆ ಬಂದ ಕೂಡಲೇ ಬಾವಿ ನೀರು ಹೊಯ್ದು ಉಪ್ಪು, ಮರಳು ತೆಗೆದು, ಜೋತ ಕಿವಿಯ ಒಳಗೆ ಒರೆಸಿ ಒಣಗಿಸುತ್ತಾರೆ. ಲ್ಯಾಬ್ರಡಾರಿಗೆ ಒಳಗೆ ಇನ್ನೊಂದು ದಟ್ಟ ಪದರದ ಕೂದಲಿದೆ, ಬುಡದವರೆಗೆ ಒಣಗಲು ಹೊತ್ತು ಬೇಕು.

ನಮ್ಮ ಘಟ್ಟದ ಮೇಲೆ ಕಷ್ಟ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಿಸಿಲೇ ಇಲ್ಲ, ನಾಯಿ ಹೊರಗೆ ಹೋದರೆ ಒದ್ದೆಯಾಗಿಯೇ ಬರುವುದು. ಆಗ ಸ್ನಾನ ಬಹುತೇಕ ಬಂದ್. ಕೆಸರಿನ ಕಾಲು ತೊಳೆದು, ಹಳೆ ಪಂಚೆಯಿಂದ ಒತ್ತಿ ಒರೆಸಿ, ಬಚ್ಚಲ ಒಲೆಯ ಶಾಖ ಬರುವಲ್ಲಿ ಗೋಣಿ ಹಾಸಿ ಮಲಗಿಸುತ್ತೇನೆ. ಬೆರಳ ಸಂದು ಒದ್ದೆ ಉಳಿದರೆ ಕೆಂಪಗಾಗಿ ಹುಳಿ ವಾಸನೆ ಬರುತ್ತದೆ, ನಾಯಿ ಅದನ್ನೇ ನೆಕ್ಕುತ್ತಾ ಕೂರುತ್ತದೆ. ಅದು ಹೆಚ್ಚಾಗಿ ಬೂಷ್ಟು. ಮನೆ ಮದ್ದಿಗಿಂತ ವೈದ್ಯರು ಕೊಡುವ ಶಾಂಪೂ ವಾಸಿ, ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಉಂಬಳ ಹತ್ತಿದ್ದರೆ ಉಗುರಿನ ಅಂಚಿನಿಂದ ಸರಿಸಿಬಿಡುತ್ತೇನೆ. ಗಾಯದ ಮೇಲೆ ಉಪ್ಪು ಸುರಿಯಬೇಡಿ, ಪಾಪ, ಉರಿಯುತ್ತದೆ ಅಲ್ವಾ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ.

ಉಗುರಿನ ಬಗ್ಗೆ ಒಂದು ಮಾತು. ಮೆತ್ತನೆಯ ಮಣ್ಣಿನಲ್ಲಿ ಓಡಾಡುವ ನಾಯಿಯ ಉಗುರು ಸವೆಯುವುದು ಕಡಿಮೆ. ಮುಂಗಾಲಿನ ಒಳಬದಿಗೆ ಮೇಲಿರುವ ಉಗುರಂತೂ ನೆಲಕ್ಕೆ ತಾಗುವುದೇ ಇಲ್ಲ, ಸುತ್ತಿಕೊಂಡು ಮಾಂಸಕ್ಕೆ ಚುಚ್ಚಬಹುದು. ಕಪ್ಪು ಉಗುರಿನಲ್ಲಿ ಒಳಗಿನ ರಕ್ತನಾಳ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ತೆಳು ತೆಳುವಾಗಿ ಕತ್ತರಿಸುತ್ತಾ, ಪ್ರತಿ ಸಲ ಕತ್ತರಿಸಿದ ಮುಖ ನೋಡುತ್ತೇನೆ. ನಡುವೆ ಕಪ್ಪು ಚುಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸುತ್ತೇನೆ. ಪಕ್ಕದಲ್ಲಿ ಕಾರ್ನ್‌ಫ್ಲೋರ್ ಇಟ್ಟುಕೊಳ್ಳಿ, ರಕ್ತ ಬಂದರೆ ಒತ್ತಿ ಹಿಡಿಯಲು. ಕೆಂಚನಿಗೆ ಈ ಕೆಲಸ ಅಷ್ಟು ಇಷ್ಟವಿಲ್ಲ. ಅದಕ್ಕೇ ಒಂದು ದಿನಕ್ಕೆ ಒಂದೇ ಕಾಲು, ಮುಗಿದ ತಕ್ಷಣ ಒಂದು ಚೂರು ಕೊಬ್ಬರಿ.